ಅಮೆರಿಕದ ಕಾಲೇಜು ಅರ್ಜಿಯಲ್ಲಿ ಚಟುವಟಿಕೆ, ಪ್ರಶಸ್ತಿ: ಪ್ರಶ್ನೋತ್ತರ

ಒಬ್ಬ ತಾಯಿ: ನಮಸ್ಕಾರ ಮೇಡಂ. ಕಾಮನ್ ಆಪ್‌ನಲ್ಲಿ (ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳುಹಿಸುವ ಆನ್‌ಲೈನ್ ವ್ಯವಸ್ಥೆ) ಚಟುವಟಿಕೆಗಳಿಗೆ 10 ಸ್ಥಾನಗಳಿವೆ, ಆದರೆ ನನ್ನ ಮಗಳಿಗೆ ಬರೆಯಲು ಇರುವುದು 6 ಮಾತ್ರ. ಉಳಿದವನ್ನು ಹೇಗೆ ತುಂಬಿಸಬೇಕೆಂದು ದಯವಿಟ್ಟು ತಿಳಿಸಿ.

ಸಲಹೆಗಾರ್ತಿ: ನಮಸ್ಕಾರ. ತುಂಬಿಸಬೇಕಾಗಿಲ್ಲ. 10 ಎಂಬುದು ಗರಿಷ್ಠ ಮಿತಿ. ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಎಂಐಟಿ ತನ್ನದೇ ಅರ್ಜಿಯಲ್ಲಿ 4 ಚಟುವಟಿಕೆಗಳನ್ನಷ್ಟೇ ಕೇಳುತ್ತದೆ.

ಒಬ್ಬ ವಿದ್ಯಾರ್ಥಿ: ಮೇಡಂ, ನಾನು ಯಾವ ಕ್ಲಬ್ಬಿನಲ್ಲಿಯೂ ಇಲ್ಲ. ಶಾಲೆ ಮುಗಿದ ಮೇಲೆ ಪಾರ್ಶ್ವವಾಯುವಾದ ಅಜ್ಜನನ್ನು ನೋಡಿಕೊಳ್ಳುತ್ತೇನೆ, ವಾರಾಂತ್ಯದಲ್ಲಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಪ್ರಶಸ್ತಿ ಒಂದೂ ಇಲ್ಲ. ಅರ್ಜಿ ಹಾಕುವುದರಲ್ಲಿ ಅರ್ಥವಿದೆಯೇ?

ಸಲಹೆಗಾರ್ತಿ: ಇದೆ. ನಿಮ್ಮ ಬಳಿ ಏನೂ ಇಲ್ಲವೆಂದು ನಿಮಗೆ ಅನ್ನಿಸಿರುವುದೇ ನನಗೆ ಚಿಂತೆಯ ವಿಷಯ. ಕಾಮನ್ ಆಪ್‌ನ ಚಟುವಟಿಕೆಗಳ ಪಟ್ಟಿಯಲ್ಲಿ ‘ಕುಟುಂಬದ ಜವಾಬ್ದಾರಿ’ ಎಂಬ ವರ್ಗವೇ ಇದೆ, ಸಂಬಳದ ಕೆಲಸಕ್ಕೂ ಪ್ರತ್ಯೇಕ ವರ್ಗವಿದೆ. ಪಟ್ಟಿಯನ್ನು ನಿಮಗೆ ಮಹತ್ವವೆನಿಸುವ ಕ್ರಮದಲ್ಲಿ ಜೋಡಿಸಬೇಕಾದ್ದರಿಂದ ಅಜ್ಜನ ಆರೈಕೆಯನ್ನೇ ಮೊದಲು ಬರೆಯಿರಿ. ವಿವರಣೆಗೆ ಸಿಗುವುದು 150 ಅಕ್ಷರಗಳು ಮಾತ್ರ, ಅವುಗಳ ನಡುವಿನ ಖಾಲಿ ಜಾಗವೂ ಅದರಲ್ಲಿ ಸೇರಿದೆ. ಹಾಗಾಗಿ ‘ಪ್ರೀತಿಯಿಂದ ನೋಡಿಕೊಂಡೆ’ ಎಂಬಂಥ ಮಾತಿಗೆ ಅಲ್ಲಿ ಎಡೆಯಿಲ್ಲ. ಔಷಧಿಯ ವೇಳೆ ನೋಡಿದ್ದು, ವ್ಯಾಯಾಮ ಮಾಡಿಸಿದ್ದು, ವೈದ್ಯರ ಮಾತನ್ನು ಅಜ್ಜನಿಗೆ ಕನ್ನಡದಲ್ಲಿ ತಿಳಿಸಿದ್ದು, ಹೀಗೆ ನೀವು ನಿಜಕ್ಕೂ ಮಾಡಿದ ಕೆಲಸಗಳನ್ನೇ ಬರೆಯಿರಿ. ಅರ್ಜಿಯಲ್ಲಿ ಕೇಳುವ ಗಂಟೆಗಳನ್ನು ಎಣಿಸುವಾಗ ಮನೆಯಲ್ಲಿದ್ದ ಸಮಯವನ್ನೆಲ್ಲ ಸೇರಿಸದೆ, ಆ ಕೆಲಸಕ್ಕೆಂದೇ ಮೀಸಲಾಗಿದ್ದ ಸಮಯವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ರಶಸ್ತಿಗಳ 5 ಸ್ಥಾನಗಳು ಖಾಲಿಯಿದ್ದರೂ ಅಡ್ಡಿಯಿಲ್ಲ. ಶಾಲೆಯ ಕೌನ್ಸೆಲರ್‌ಗೆ ಈ ಪರಿಸ್ಥಿತಿಯನ್ನು ಇದೇ ವಾರ ತಿಳಿಸಿ, ಏಕೆಂದರೆ ಅವರು ಕಾಲೇಜಿಗೆ ಬರೆಯುವ ಪತ್ರದಲ್ಲಿ ಇದು ಬಂದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕುವುದಾದರೆ ಅಲ್ಲಿ ಒಂದೊಂದು ವಿವರಣೆಗೂ 350 ಅಕ್ಷರಗಳಿವೆ, ಸ್ವಲ್ಪ ಉಸಿರಾಡಬಹುದು.

ಒಬ್ಬ ತಂದೆ: ನನಗೆ ಬಂದ ಸಂದೇಶವನ್ನು ಹಂಚಿಕೊಳ್ಳುತ್ತಿದ್ದೇನೆ: ‘ಲಾಭರಹಿತ ಸಂಸ್ಥೆ ನೋಂದಾಯಿಸಿ ಮಗುವನ್ನು ಸ್ಥಾಪಕನನ್ನಾಗಿ ಮಾಡಿ, ಹಣ ಕಟ್ಟಿ ಸಂಶೋಧನಾ ಲೇಖನ ಪ್ರಕಟಿಸಿ, ಐವಿ ಲೀಗ್ (ಅಮೆರಿಕದ ಎಂಟು ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಗುಂಪು) ಖಚಿತ.’ ಇದು ಸರಿಯೇ?

ಸಲಹೆಗಾರ್ತಿ: ಸರಿಯಲ್ಲ, ಇದನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ. ಪ್ರವೇಶವನ್ನು ಖಚಿತಪಡಿಸುವ ಚಟುವಟಿಕೆ ಎಂಬುದೇ ಇಲ್ಲ. ಅರ್ಜಿಯ ವರ್ಷದಲ್ಲಿ ಹುಟ್ಟಿ ಅದೇ ವರ್ಷ ಸ್ತಬ್ಧವಾಗುವ ಸಂಸ್ಥೆಗಳನ್ನು ಪ್ರವೇಶ ಅಧಿಕಾರಿಗಳು ಬೇಕಾದಷ್ಟು ನೋಡಿದ್ದಾರೆ.

ಇನ್ನೊಬ್ಬ ಸದಸ್ಯರು: ಮೇಡಂ ಆದರ್ಶವನ್ನು ಹೇಳುತ್ತಿದ್ದಾರೆ. ಎಲ್ಲರೂ ಗಂಟೆಗಳನ್ನು ಹೆಚ್ಚಿಸಿಯೇ ಬರೆಯುತ್ತಾರೆ, ಯಾರೂ ಪರಿಶೀಲಿಸುವುದಿಲ್ಲ.

ಮತ್ತೊಬ್ಬ ತಾಯಿ: ‘ಎಲ್ಲರೂ’ ಎಂಬುದರಲ್ಲಿ ನನ್ನ ಮಗನನ್ನು ಸೇರಿಸಬೇಡಿ. 2019ರಲ್ಲಿ ಬಯಲಾದ ಅಮೆರಿಕದ ಕಾಲೇಜು ಪ್ರವೇಶ ಹಗರಣದಲ್ಲಿ ಮಕ್ಕಳನ್ನು ಸುಳ್ಳು ಕ್ರೀಡಾಪಟುಗಳನ್ನಾಗಿ ತೋರಿಸಿದ ಪೋಷಕರಲ್ಲಿ ಕೆಲವರು ಜೈಲಿಗೆ ಹೋದದ್ದನ್ನು ಮರೆತಿರಾ?

ಇನ್ನೊಬ್ಬ ಸದಸ್ಯರು: ಅದು ಲಂಚದ ಪ್ರಕರಣ. ಇದಕ್ಕೆ ಹೋಲಿಸುವುದು ಅತಿರೇಕ. ನಿಮ್ಮ ಮಗ ಸತ್ಯ ಹರಿಶ್ಚಂದ್ರನಾಗಿರಲಿ, ಸೀಟು ಯಾರಿಗೆ ಸಿಗುತ್ತದೆಂದು ನೋಡೋಣ.

ಮತ್ತೊಬ್ಬ ತಾಯಿ: ನನ್ನ ಮಗನ ವಿಷಯ ಎತ್ತಲು ನಿಮಗೆ ಯಾವ ಹಕ್ಕೂ ಇಲ್ಲ.

ಸಲಹೆಗಾರ್ತಿ: ಯಾರೂ ಪರಿಶೀಲಿಸುವುದಿಲ್ಲವೆಂಬುದು ಸುಳ್ಳು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಕೆಲವು ಅರ್ಜಿದಾರರನ್ನು ಆಯ್ದು ಪುರಾವೆ ಕೇಳುತ್ತದೆ, ಒದಗಿಸದವರ ಅರ್ಜಿ ರದ್ದಾಗುತ್ತದೆ. ಕಾಮನ್ ಆಪ್‌ನಲ್ಲಿ ಎಲ್ಲವೂ ಸತ್ಯವೆಂದು ಸಹಿ ಮಾಡುವವರು ನಿಮ್ಮ ಮಕ್ಕಳು, ನೀವಲ್ಲ.

ಒಬ್ಬ ತಂದೆ: ಭರತನಾಟ್ಯದ ರಂಗಪ್ರವೇಶವನ್ನು ಪ್ರಶಸ್ತಿಯೆಂದು ತೋರಿಸಬಹುದೇ? ಬೇಸಿಗೆಯಲ್ಲಿ ಹಣ ಕಟ್ಟಿ ಸೇರಿದ ಶಿಬಿರಕ್ಕೆ ಎಷ್ಟು ಬೆಲೆಯಿದೆ?

ಸಲಹೆಗಾರ್ತಿ: ರಂಗಪ್ರವೇಶ ಪ್ರಶಸ್ತಿಯಲ್ಲ. ನೃತ್ಯದ ವಿವರಣೆಯೊಳಗೆ ಅದನ್ನು ಸೇರಿಸಿ.

ಮತ್ತೊಬ್ಬ ತಾಯಿ: ಹೆಸರಿನಲ್ಲಿ ‘ಅಂತರರಾಷ್ಟ್ರೀಯ’ ಎಂದಿರುವ ಆನ್‌ಲೈನ್ ಪರೀಕ್ಷೆಯ ಪದಕಕ್ಕೆ ಅಂತರರಾಷ್ಟ್ರೀಯ ಮಟ್ಟವೆಂದು ಗುರುತು ಹಾಕಬಹುದೇ?

ಸಲಹೆಗಾರ್ತಿ: ಮಟ್ಟವನ್ನು ನಿರ್ಧರಿಸುವುದು ಸ್ಪರ್ಧೆಯ ಹೆಸರಲ್ಲ, ಯಾರೊಂದಿಗೆ ಸ್ಪರ್ಧಿಸಿ ಗೆದ್ದರು ಎಂಬುದು. ಶುಲ್ಕ ಕಟ್ಟಿದವರಿಗೆಲ್ಲ ಪದಕ ಕೊಡುವ ಪರೀಕ್ಷೆಯಾಗಿದ್ದರೆ ಅದನ್ನು ಬಿಟ್ಟುಬಿಡಿ.

ಹೊಸ ಸದಸ್ಯರು: 10 ಸ್ಥಾನಗಳನ್ನೂ ತುಂಬಿಸಲೇಬೇಕೇ ಮೇಡಂ?

ಸಲಹೆಗಾರ್ತಿ: ಮೊದಲ ಉತ್ತರವನ್ನು ಓದಿ.

ಒಬ್ಬ ತಂದೆ: ಶಿಬಿರದ ಪ್ರಶ್ನೆಗೆ ಉತ್ತರ ಬರಲಿಲ್ಲ.

ಇನ್ನೊಬ್ಬ ಸದಸ್ಯರು: ಬರುವುದೂ ಇಲ್ಲ. ನನಗೆ ಖಾಸಗಿಯಾಗಿ ಸಂದೇಶ ಕಳುಹಿಸಿ, ಹೇಗೆ ತೋರಿಸಬೇಕೆಂದು ಹೇಳುತ್ತೇನೆ.

ಮತ್ತೊಬ್ಬ ತಾಯಿ: ಇವರನ್ನು ಮೊದಲು ಗುಂಪಿನಿಂದ ತೆಗೆಯಿರಿ.