ಹಿಂಗಾರಿಗೆ ಅಂಗಳಕ್ಕೆ ಏನು ಹಾಕೋಣ? ಮನೆತೋಟ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ದಾವಣಗೆರೆ, ಚಿತ್ರದುರ್ಗದ ಮನೆತೋಟದವರಿಗೆ ನಮಸ್ಕಾರ. ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ ಮೇಡಂ ಇವತ್ತು ಸಂಜೆ ನಮ್ಮ ಜೊತೆ ಇದ್ದಾರೆ. ಎದ್ದು ಕಾಣುವ ಹೂವು, ಕೈತುಂಬಾ ಕೊಡುವ ತರಕಾರಿ ಯಾವುದು ಅಂತ ಕೇಳಿ. ಊರು, ಬಿಸಿಲು, ನೀರು ಮೂರನ್ನೂ ಬರೆಯಿರಿ.

ವಿದ್ಯಾನಗರ: ಮೇಡಂ, ಗೇಟಿನ ಪಕ್ಕ ಎರಡು ಅಡಿ ಅಗಲದ ಜಾಗ ಇದೆ. ಮಧ್ಯಾಹ್ನ ಎರಡರವರೆಗೆ ಬಿಸಿಲು. ಹಾದಿಯಲ್ಲಿ ಹೋಗುವವರು ನಿಂತು ನೋಡುವಂಥ ಹೂವು ಬೇಕು.

ಮೇಡಂ: ಆ ಬಿಸಿಲು ಸಾಕು. ಹಿಂದೆ ಕಾಸ್ಮಾಸ್, ಮುಂದೆ ಗಿಡ್ಡ ಚೆಂಡು ಹೂ. ಒಂದೇ ಬಣ್ಣವನ್ನು ಒತ್ತಾಗಿ ಹಾಕಿ. ಹತ್ತು ಬಣ್ಣ ಬೆರೆಸಿದರೆ ಯಾವುದೂ ಕಾಣುವುದಿಲ್ಲ. ಚೆಂಡು ಹೂ ಈಗ ಬಿತ್ತಿದರೆ ಸಂಕ್ರಾಂತಿಗೆ ಬರುತ್ತದೆ. ದೀಪಾವಳಿಗೇ ಬೇಕು ಅಂದರೆ ನರ್ಸರಿಯಿಂದ ಮೊಗ್ಗು ಬಂದ ಸಸಿ ತನ್ನಿ.

ನಿಟ್ಟುವಳ್ಳಿ: ಟೊಮೆಟೊ ಪ್ರತಿ ವರ್ಷ ಎಲೆ ಮುದುರಿ ಹಾಳಾಗುತ್ತದೆ. ಯಾವ ತಳಿ ಹಾಕಲಿ?

ಮೇಡಂ: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ (ಐಐಎಚ್‌ಆರ್) ಬಿಡುಗಡೆ ಮಾಡಿದ ಅರ್ಕಾ ರಕ್ಷಕ್. ಎಲೆ ಮುದುರು ನಂಜು, ಸೊರಗು ರೋಗ, ಅಂಗಮಾರಿ ಮೂರಕ್ಕೂ ತಡೆ ಇದೆ. ಅದು ಹೈಬ್ರಿಡ್, ಬೀಜ ಎತ್ತಿಡಬೇಡಿ. ಮುಂದಿನ ಸಲ ಗಿಡ ಒಂದೊಂದು ಒಂದೊಂದು ತರ ಬರುತ್ತದೆ.

ಎಂಸಿಸಿ ಬಿ ಬ್ಲಾಕ್: ಮೇಡಂ, ಸೇವಂತಿಗೆ ಎರಡು ಕುಂಡ ಇವೆ. ಒಂದೇ ತಾಯಿಗಿಡದ ಸಸಿ, ಒಂದೇ ಗೊಬ್ಬರ. ಹಿತ್ತಲಿನದು ಮೊಗ್ಗು ತುಂಬಿದೆ. ಕಾಂಪೌಂಡ್ ಹತ್ತಿರ ಇರುವುದು ಎದೆಮಟ್ಟ ಬೆಳೆದಿದೆ, ಒಂದು ಮೊಗ್ಗೂ ಇಲ್ಲ. ದೃಷ್ಟಿ ಆಗಿದೆ ಅಂತಾರೆ ನಮ್ಮತ್ತೆ.

ಮೇಡಂ: ಕಾಂಪೌಂಡ್ ಹತ್ತಿರ ಬೀದಿ ದೀಪ ಇದೆಯಾ?

ಎಂಸಿಸಿ ಬಿ ಬ್ಲಾಕ್: ಇದೆ ಮೇಡಂ! ಹೊಸ ಎಲ್‌ಇಡಿ. ಬೆಳಗಿನವರೆಗೂ ಉರಿಯುತ್ತದೆ.

ಮೇಡಂ: ಹಾಗಾದರೆ ಗಿಡಕ್ಕೆ ಏನೂ ಆಗಿಲ್ಲ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದ ಆದಾಗ. ಮಳೆಗಾಲ ಮುಗಿದು ಕತ್ತಲು ಹೆಚ್ಚುತ್ತಾ ಹೋದಂತೆ ಎಲೆ ಬಿಡುವುದು ನಿಲ್ಲಿಸಿ ಹೂವಿನ ಕಡೆ ತಿರುಗುತ್ತದೆ. ನಿಮ್ಮ ಗಿಡದ ಮೇಲೆ ರಾತ್ರಿಯಿಡೀ ಬೆಳಕು ಬೀಳುತ್ತಿದೆ, ಅದಕ್ಕೆ ಇನ್ನೂ ಬೇಸಿಗೆಯೇ. ಹೂವಿನ ಬೆಳೆಗಾರರು ಹೊಲದಲ್ಲಿ ಬಲ್ಬು ಉರಿಸಿ ಹೂವನ್ನು ಬೇಕೆಂದೇ ತಡ ಮಾಡಿಸುವುದು ಇದರಿಂದಲೇ. ಕುಂಡವನ್ನು ಹಿತ್ತಲಿಗೆ ಒಯ್ಯಿರಿ. ಎತ್ತಲು ಆಗದಿದ್ದರೆ ಸಂಜೆ ಆರಕ್ಕೆ ದಪ್ಪ ಕಪ್ಪು ಬಟ್ಟೆ ಮುಚ್ಚಿ, ಬೆಳಿಗ್ಗೆ ಏಳಕ್ಕೆ ತೆಗೆಯಿರಿ. ಒಂದು ರಾತ್ರಿಯೂ ತಪ್ಪಿಸಬೇಡಿ. ಮೂರ್ನಾಲ್ಕು ವಾರದಲ್ಲಿ ತುದಿಯಲ್ಲಿ ಹಸಿರು ಗುಂಡು ಕಾಣುತ್ತದೆ. ಫೋಟೊ ಕಳಿಸಿ, ನನಗೂ ನೋಡುವ ಆಸೆ.

ಚಳ್ಳಕೆರೆ: ಬೋರ್ ನೀರು ಗಡಸು. ದಾಸವಾಳದ ಹೊಸ ಎಲೆ ಹಳದಿ, ನರ ಮಾತ್ರ ಹಸಿರು.

ಮೇಡಂ: ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ನೀರಿನಿಂದ ಬೇರಿಗೆ ಸಿಗುವುದಿಲ್ಲ. ಆ ಕುಂಡಕ್ಕಾದರೂ ಮಳೆ ನೀರು ಹಿಡಿದಿಡಿ. ನಿಮ್ಮ ನೀರಿಗೆ ಕಾಗದದ ಹೂವು ಚೆನ್ನಾಗಿ ಒಗ್ಗುತ್ತದೆ.

ಕೆಟಿಜೆ ನಗರ: ಮಂಡಕ್ಕಿ ಜೊತೆ ಮಿರ್ಚಿ ಮಾಡಲು ಉದ್ದ ಮೆಣಸಿನಕಾಯಿ ಕುಂಡದಲ್ಲಿ ಬರುತ್ತಾ?

ಮೇಡಂ: ಬರುತ್ತದೆ. ಒಂದಡಿ ಆಳದ ಕುಂಡಕ್ಕೆ ಒಂದೇ ಗಿಡ.

ಹೊಳಲ್ಕೆರೆ: ಆರ್‌ಒ ಮಷಿನ್ ಹೊರಗೆ ಬಿಡುವ ನೀರು ಗಿಡಕ್ಕೆ ಹಾಕಬಹುದಾ?

ಸರಸ್ವತಿ ನಗರ: ಟೊಮೆಟೊ ಯಾವುದು ಒಳ್ಳೆಯದು ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ಜಗಳೂರು: ಗುಲಾಬಿ ಬುಡಕ್ಕೆ ಎರಡು ಚಮಚ ಉಪ್ಪು ಹಾಕಿದರೆ ಗೊಂಚಲು ಗೊಂಚಲು ಹೂವು ಅಂತ ವಿಡಿಯೊ ಬಂದಿತ್ತು. ಹಾಕಿದೆ. ಈಗ ಎಲೆ ಅಂಚು ಸುಟ್ಟ ಹಾಗೆ ಆಗಿದೆ.

ಮೇಡಂ: ಯಾವ ಉಪ್ಪು ಹಾಕಿದಿರಿ?

ಜಗಳೂರು: ಅಡುಗೆ ಮನೆಯದೇ.

ಮೇಡಂ: ಅವರು ಹೇಳಿದ್ದು ಎಪ್ಸಮ್ ಸಾಲ್ಟ್ ಇರಬೇಕು, ಅದು ಮೆಗ್ನೀಸಿಯಂ ಸಲ್ಫೇಟ್. ಅದೂ ಮೆಗ್ನೀಸಿಯಂ ಕೊರತೆ ಇದ್ದರೆ ಮಾತ್ರ. ಮೇಲಿನ ಮಣ್ಣು ಕೆರೆದು ತೆಗೆಯಿರಿ. ಕುಂಡದ ತಳದಿಂದ ಹರಿದು ಹೋಗುವಷ್ಟು ಸಿಹಿನೀರು ಮೂರು ನಾಲ್ಕು ಸಲ ಹಾಕಿ. ವಿಡಿಯೊ ನೋಡಿ ಬುಡಕ್ಕೆ ಸುರಿಯುವ ಮೊದಲು ದಯವಿಟ್ಟು ಒಂದು ಮಾತು ಕೇಳಿ.

ಹರಿಹರ: ಮೇಡಂ, ಗೊಬ್ಬರದ ಗುಂಡಿಯಲ್ಲಿ ತಾನಾಗೇ ಹುಟ್ಟಿದ ಸೋರೆ ಬಳ್ಳಿ ಚಪ್ಪರ ತುಂಬಾ ಕಾಯಿ ಬಿಟ್ಟಿದೆ. ಸ್ವಲ್ಪ ಕಹಿ. "ಸೋರೆ ರಸ ಕಹಿ ಇದ್ದಷ್ಟೂ ಸಕ್ಕರೆ ಕಾಯಿಲೆಗೆ ಒಳ್ಳೆಯದು" ಅಂತ ಅಮ್ಮನಿಗೆ ಫಾರ್ವರ್ಡ್ ಬಂದಿದೆ. ದಿನಾ ಎಷ್ಟು ಲೋಟ ಕೊಡಲಿ?

ಮೇಡಂ: ಒಂದು ಹನಿಯೂ ಬೇಡ. ಎಲ್ಲರೂ ಇದನ್ನು ಓದಿ.

ಕಹಿ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಇರುತ್ತದೆ. ಕುಡಿದ ಸ್ವಲ್ಪ ಹೊತ್ತಿಗೇ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗಬಹುದು. ಜಾಸ್ತಿಯಾದರೆ ರಕ್ತ ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ನಮ್ಮ ದೇಶದಲ್ಲೇ ಇದರಿಂದ ಜನ ಸತ್ತಿದ್ದಾರೆ. ಇದಕ್ಕೆ ಪ್ರತಿವಿಷ ಇಲ್ಲ. ಕುದಿಸಿದರೂ ಹೋಗುವುದಿಲ್ಲ. ಬೆಲ್ಲ, ನಿಂಬೆ ಹಾಕಿದರೆ ರುಚಿ ಮುಚ್ಚುತ್ತದೆ, ವಿಷ ಅಲ್ಲೇ ಇರುತ್ತದೆ. ಸೋರೆ ಹೆಚ್ಚುವಾಗ ತುದಿಯ ಚಿಕ್ಕ ಚೂರು ನಾಲಿಗೆಗೆ ಮುಟ್ಟಿಸಿ ಉಗುಳಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ, ದನಕ್ಕೂ ಹಾಕಬೇಡಿ. ಆ ಬಳ್ಳಿಯನ್ನು ಬೇರು ಸಮೇತ ಕಿತ್ತು ಹಾಕಿ.

ಆಂಜನೇಯ ಬಡಾವಣೆ: ಪಕ್ಕದಲ್ಲಿ ಹಾಗಲಕಾಯಿ ಬಳ್ಳಿ ಇರಬೇಕು. ಅದರಿಂದಲೇ ಕಹಿ.

ಹೊನ್ನಾಳಿ: ಹಾಗಲ ಎಲ್ಲಿ, ಸೋರೆ ಎಲ್ಲಿ ಅಣ್ಣ? ಹೈಬ್ರಿಡ್ ಬೀಜದ ಪ್ರಭಾವ ಇದು. ನಾಟಿ ಬೀಜ ಯಾವತ್ತೂ ಕಹಿಯಾಗಲ್ಲ.

ಆಂಜನೇಯ ಬಡಾವಣೆ: ನಾವು ಮೂರು ತಲೆಮಾರಿನಿಂದ ಬೇಸಾಯದವರು. ನಮಗೆ ಹೇಳಬೇಡಿ.

ಹೊನ್ನಾಳಿ: ಬೇಸಾಯ ನಿಮ್ಮೊಬ್ಬರದ್ದೇ ಅಲ್ಲರೀ.

ಮೇಡಂ: ಇಬ್ಬರದ್ದೂ ತಪ್ಪು. ಹಾಗಲಕ್ಕೂ ಸೋರೆಗೂ ಪರಾಗ ಕೂಡುವುದಿಲ್ಲ. ಹಾಗಲದ ಕಹಿಯೇ ಬೇರೆ, ಅದನ್ನು ತಿನ್ನಬಹುದು. ಸೋರೆ ಹೂವಿಗೆ ಬದುವಿನ ಕಾಡು ಸೋರೆಯ ಪರಾಗ ಬಿದ್ದರೆ ಆ ಕಾಯಿ ಸಿಹಿಯೇ ಇರುತ್ತದೆ, ಅದರ ಬೀಜದಿಂದ ಹುಟ್ಟುವ ಬಳ್ಳಿ ಕಹಿ ಕಾಯಿ ಬಿಡುತ್ತದೆ. ನಾಟಿ ಬೀಜಕ್ಕೂ ಹೀಗಾಗುತ್ತದೆ. ನೀರಿಲ್ಲದೆ ಬಿಸಿಲಿಗೆ ಬಳಲಿದ ಬಳ್ಳಿಯಲ್ಲೂ ಕಹಿ ಬರಬಹುದು.

ಆಂಜನೇಯ ಬಡಾವಣೆ: ಪುಸ್ತಕ ಓದಿದವರಿಗೆ ಹೊಲ ಗೊತ್ತಿರಲ್ಲ ಬಿಡಿ.

ಅಡ್ಮಿನ್: ಅಣ್ಣ, ಮಾತು ಬಿಗಿ ಹಿಡಿಯಿರಿ. ಮೇಡಂ ಬಿಡುವು ಮಾಡಿಕೊಂಡು ಬಂದಿದ್ದಾರೆ.

ಪಿಜೆ ಬಡಾವಣೆ: ನೀಲಿ ಗುಲಾಬಿ ಬೀಜ ಆನ್‌ಲೈನ್‌ನಲ್ಲಿ ಸಿಗುತ್ತಿದೆ, ತರಿಸಲಾ?

ಮೇಡಂ: ಬೇಡ. ಚಿತ್ರಕ್ಕೆ ಬಣ್ಣ ಹಚ್ಚಿ ಮಾರುತ್ತಾರೆ. ಗುಲಾಬಿಯನ್ನು ಕಸಿ ಗಿಡವಾಗಿಯೇ ತನ್ನಿ.

ಸರಸ್ವತಿ ನಗರ: ಮೇಲೆ ಎಲ್ಲಿ ಹೇಳಿದ್ದೀರಿ? ಸಿಗುತ್ತಿಲ್ಲ. ಒಂದು ಹೆಸರು ಹೇಳಲು ಏನು ಕಷ್ಟ?

ನಿಟ್ಟುವಳ್ಳಿ: ನನಗೆ ಕೊಟ್ಟ ಉತ್ತರ ಓದಿ ಅಕ್ಕ. ಅರ್ಕಾ ರಕ್ಷಕ್.

ಹರಿಹರ: ಮೇಡಂ, ಒಂದು ವಿಷಯ ಬರೆದಿರಲಿಲ್ಲ. ಅಮ್ಮ ಇವತ್ತು ಬೆಳಿಗ್ಗೆ ಅರ್ಧ ಲೋಟ ಕುಡಿದಿದ್ದಾರೆ. ಎರಡು ಸಲ ವಾಂತಿ ಆಯ್ತು. ಪಿತ್ತ ಅಂದುಕೊಂಡು ಮಜ್ಜಿಗೆ ಕೊಟ್ಟೆವು.

ಮೇಡಂ: ಪಿತ್ತ ಅಂತ ಕೂರಬೇಡಿ. ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. "ಕಹಿ ಸೋರೆಕಾಯಿ ರಸ ಕುಡಿದಿದ್ದಾರೆ" ಅಂತ ಮೊದಲು ಹೇಳಿ, ಎಷ್ಟು ಹೊತ್ತಾಯ್ತು ಅಂತಲೂ ಹೇಳಿ. ಉಳಿದ ಕಾಯಿ ಇದ್ದರೆ ಜೊತೆಗೆ ಒಯ್ಯಿರಿ. ಮನೆಮದ್ದು ಏನೂ ಬೇಡ.

ಹಿರಿಯೂರು: ಮೇಡಂ, ತಾರಸಿ ಸೋರದ ಹಾಗೆ ಕುಂಡ ಇಡುವುದು ಹೇಗೆ?

ಆಂಜನೇಯ ಬಡಾವಣೆ: ನಾವು ಎಷ್ಟೋ ಸಲ ತಿಂದಿದ್ದೇವೆ, ಏನೂ ಆಗಿಲ್ಲ.

ಮೇಡಂ: ಅಂಥ ಮಾತು ಇಲ್ಲಿ ಬರೆಯಬೇಡಿ. ಒಬ್ಬರ ಅಮ್ಮ ಈಗ ವಾಂತಿ ಮಾಡುತ್ತಿದ್ದಾರೆ.

ಹರಿಹರ: ಆಸ್ಪತ್ರೆಗೆ ಬಂದಿದ್ದೇವೆ ಮೇಡಂ. ಡ್ರಿಪ್ ಹಾಕಿದ್ದಾರೆ, ಬಿಪಿ ನೋಡುತ್ತಿದ್ದಾರೆ. ಅಮ್ಮ ಮಾತಾಡುತ್ತಿದ್ದಾರೆ. ಬಳ್ಳಿ ಕೀಳಲು ತಮ್ಮನಿಗೆ ಹೇಳಿದ್ದೇನೆ.

ಮೇಡಂ: ಒಳ್ಳೆಯದಾಯಿತು. ಡಾಕ್ಟರು ಬಿಡುವವರೆಗೂ ಮನೆಗೆ ಕರೆತರಬೇಡಿ. ಆ ಕಾಯಿಯ ಬೀಜ ಗುಂಡಿಗೆ ಬೀಳದ ಹಾಗೆ ನೋಡಿಕೊಳ್ಳಲು ತಮ್ಮನಿಗೆ ಹೇಳಿ. ಸೋರೆ ಬೇಕಿದ್ದರೆ ಐಐಎಚ್‌ಆರ್‌ನ ಅರ್ಕಾ ಬಹಾರ್ ಬೀಜ ತರಿಸಿ, ಸಂಕ್ರಾಂತಿ ಕಳೆದ ಮೇಲೆ ಹಾಕಿ.