ಕಿಡ್ನಿಗೆ ಇಂಗ್ಲಿಷ್ ಮಾತ್ರೆ ಜೊತೆ ಚೈನೀಸ್ ಔಷಧಿ ತಗೋಬಹುದಾ?

ತೀರ್ಥಹಳ್ಳಿ_ತೋಟ: ನಮ್ಮ ಅಪ್ಪಯ್ಯಂಗೆ ಶುಗರ್ ಹಳೇದು, ಈಗ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) 2.1, ಇಜಿಎಫ್‌ಆರ್ (ಕಿಡ್ನಿ ಸೋಸೋ ಶಕ್ತಿಯ ಅಂದಾಜು) 34 ಬಂದಿದೆ, ಮೂತ್ರದಲ್ಲಿ ಪ್ರೋಟೀನೂ ಹೋಗ್ತಿದೆ. ಡಾಕ್ಟ್ರು ಟೆಲ್ಮಿಸಾರ್ಟನ್ ಅನ್ನೋ ಬಿಪಿ ಮಾತ್ರೆ ಕೊಟ್ಟಿದಾರೆ. ನೆಂಟರೊಬ್ಬರು ಚೈನಾದಲ್ಲಿ ಎರಡೂ ಸೇರಿಸಿ ವಾಸಿ ಮಾಡ್ತಾರೆ ಅಂತ ಆನ್‌ಲೈನಲ್ಲಿ ಒಂದು ಪುಡಿ ತರಿಸಿ ಕೊಟ್ಟಿದಾರೆ, ಡಬ್ಬಿ ಮೇಲೆ ಏನೇನು ಹಾಕಿದಾರೆ ಅಂತಾನೇ ಇಲ್ಲ. ಡಯಾಲಿಸಿಸ್ ಅಂದ್ರೆ ಅಪ್ಪಯ್ಯಂಗೆ ಭಯ, ಹಂಗಾಗಿ ಕುಡಿತೀನಿ ಅಂತ ಹಟ. ಎಂತ ಮಾಡೋದು?

ಫಾರ್ಮಸಿ_ಶಿವಮೊಗ್ಗ: ದಯವಿಟ್ಟು ಆ ಪುಡಿ ಕೊಡಬೇಡಿ. ಚೈನಾದಲ್ಲಿ ಎರಡೂ ಸೇರಿಸೋದು ನಿಜ, ಆದ್ರೆ ಅಲ್ಲಿ ಆಸ್ಪತ್ರೆಯಲ್ಲೇ ಡಾಕ್ಟ್ರು ಬಿಪಿ ಮಾತ್ರೆ ಮುಂದುವರಿಸಿ ಜೊತೆಗೆ ಹುವಾಂಗ್‌ಚಿ ಬೇರೋ ಮತ್ತೊಂದೋ ಬರೀತಾರೆ, ರಕ್ತ ಪರೀಕ್ಷೆ ಮಾಡಿಸ್ತಾ ಇರ್ತಾರೆ. ಲೇಗೊಂಗ್‌ಟೆಂಗ್ ಅಂತ ಒಂದು ಬಳ್ಳಿ ಇದೆ, ಮೂತ್ರದ ಪ್ರೋಟೀನ್ ಕಡಿಮೆ ಮಾಡೋಕೆ ಅಲ್ಲಿ ಬಳಸ್ತಾರೆ, ಅದೇ ಲಿವರಿಗೂ ಹೊಡೆತ ಕೊಡುತ್ತೆ. ಇನ್ನೊಂದು ವಿಷಯ, ಟೆಲ್ಮಿಸಾರ್ಟನ್ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು, ಕಷಾಯದಲ್ಲೂ ಪೊಟ್ಯಾಸಿಯಂ ಇರುತ್ತೆ, ಎರಡೂ ಸೇರಿ ಜಾಸ್ತಿ ಆದ್ರೆ ಹೃದಯದ ಬಡಿತವೇ ತಪ್ಪುತ್ತೆ.

ಮಲೆನಾಡು_ಸೊಪ್ಪು: ಬ್ರಸೆಲ್ಸಲ್ಲಿ ತೂಕ ಇಳಿಸೋ ಕ್ಲಿನಿಕ್ಕಿಗೆ ಹೋಗಿದ್ದ ಹೆಂಗಸರ ಕಿಡ್ನಿ ಹಾಳಾಗಿದ್ದು 1993ರಲ್ಲಿ ವರದಿ ಆಯ್ತು, ಚೈನೀಸ್ ಗಿಡಮೂಲಿಕೆ ಮಾತ್ರೇಲಿ ಒಂದು ಬೇರಿನ ಬದಲು ಅರಿಸ್ಟೊಲೋಕಿಯ ಜಾತಿ ಬೇರು ಸೇರಿಬಿಟ್ಟಿತ್ತು, ಆಮೇಲೆ ಕೆಲವರಿಗೆ ಮೂತ್ರನಾಳದ ಕ್ಯಾನ್ಸರೂ ಬಂತು. ಅದೇ ಜಾತಿದು ನಮ್ಮ ಈಶ್ವರಿ ಬಳ್ಳಿ, ಹಾವಿನ ವಿಷಕ್ಕೆ ಅಂತ ಬೇಲಿ ಸಾಲಲ್ಲಿ ಹುಡುಕ್ತಾರಲ್ಲ ಅದು, ಕಿಡ್ನಿ ಕೆಟ್ಟವರು ಮುಟ್ಟಲೇಬಾರದು. ಧಾರೆಹುಳಿನೂ (ಸ್ಟಾರ್ ಫ್ರೂಟ್) ಅಷ್ಟೇ ಮಾರಾಯ್ರೆ, ಉಪ್ಪಿನಕಾಯಿ, ಗೊಜ್ಜು ಏನೂ ಬೇಡ, ಕಿಡ್ನಿ ರೋಗಿಗಳಿಗೆ ಬಿಡದ ಬಿಕ್ಕಳಿಕೆ, ಮಂಪರು, ಫಿಟ್ಸ್ ತನಕ ಹೋಗುತ್ತೆ. ಬಿಂಬುಳಿ ಜ್ಯೂಸಂತೂ ಕೊಡಲೇಬೇಡಿ.

ತೀರ್ಥಹಳ್ಳಿ_ತೋಟ: ಅಯ್ಯೋ, ಧಾರೆಹುಳಿ ಉಪ್ಪಿನಕಾಯಿ ದಿನಾ ಊಟಕ್ಕೆ ಇರುತ್ತೆ! ಹಂಗಾದ್ರೆ ಆಯುರ್ವೇದನೂ ಬೇಡ್ವಾ?

ಫಾರ್ಮಸಿ_ಶಿವಮೊಗ್ಗ: ಕಾಲೇಜಲ್ಲಿ ಓದಿದ ಆಯುರ್ವೇದ ಡಾಕ್ಟ್ರ ಹತ್ರ ಹೋಗಿ, ಆದ್ರೆ ರಿಪೋರ್ಟ್, ಮಾತ್ರೆ ಎಲ್ಲಾ ತೋರಿಸಿ, ಅವರು ಬರೆದಿದ್ದನ್ನ ಕಿಡ್ನಿ ಡಾಕ್ಟ್ರಿಗೂ ತೋರಿಸಿ, ಇಬ್ಬರಿಗೂ ಗೊತ್ತಿಲ್ಲದೆ ಏನೂ ಬೇಡ. ಭಸ್ಮ ಇರೋದು ಕೊಡಬೇಡಿ. 34 ಅಂದ್ರೆ ಡಯಾಲಿಸಿಸ್ ನಾಳೆ ನಾಡಿದ್ದು ಬರೋದಲ್ಲ ಅಂತ ಅಪ್ಪಯ್ಯಂಗೆ ಸಮಾಧಾನ ಹೇಳಿ. ಡಾಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ಅವರಿಗೆ ಆಗುತ್ತಾ ಅಂತ ಕಿಡ್ನಿ ಡಾಕ್ಟ್ರನ್ನ ಕೇಳಿ, 2020ರ ದೊಡ್ಡ ಪ್ರಯೋಗದಲ್ಲಿ ಶುಗರ್ ಇದ್ದವರಿಗೂ ಇಲ್ಲದವರಿಗೂ ಕಿಡ್ನಿ ಕೆಡೋದು ನಿಧಾನ ಆಗಿತ್ತು. ಡಬ್ಬಿನೂ ಡಾಕ್ಟ್ರ ಹತ್ರ ತಗೊಂಡು ಹೋಗಿ.