ಲೇತ್ ಮುಂದೆ ಪಳಗಿದವರು ಪರೀಕ್ಷೆಯಲ್ಲಿ ಫೇಲಾದರೆ?

ಪ್ರಶ್ನೆ: ಮೇಡಂ, ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಚಿಕ್ಕ ಮಷಿನ್ ಶಾಪ್ ಇದೆ. ಕಂಪ್ಯೂಟರ್ ನಿಯಂತ್ರಿತ ಯಂತ್ರ ನಡೆಸುವ ನಾಲ್ವರು ಸಿಎನ್‌ಸಿ ಆಪರೇಟರ್‌ಗಳು ಬೇಕಾಗಿದ್ದಾರೆ. ಒಬ್ಬರು ಆಪ್ಟಿಟ್ಯೂಡ್ ಪರೀಕ್ಷೆ ಮಾರಲು ಬಂದು, ಯಾರು ಒಳ್ಳೆಯ ಕೆಲಸಗಾರರಾಗುತ್ತಾರೆ ಎಂಬುದನ್ನು ಇದು ಮೊದಲೇ ಹೇಳಿಬಿಡುತ್ತದೆ ಎಂದರು. ನೋಡೋಣ ಎಂದು 14 ವರ್ಷದಿಂದ ನಮ್ಮಲ್ಲಿರುವ ಹಿರಿಯ ಆಪರೇಟರನ್ನೇ ಕೂರಿಸಿದೆ. ಫೇಲಾದರು! ಅವರು ಮಾಡಿದ ಜಾಬ್ ರಿಜೆಕ್ಟ್ ಆಗಿ ವಾಪಸು ಬಂದದ್ದು ನನಗೆ ನೆನಪಿಲ್ಲ. ಈಗ ಯಾರನ್ನು ನಂಬಲಿ?

ಉತ್ತರ: ನಿಮ್ಮ ಹಿರಿಯರನ್ನೇ ನಂಬಿ, ಸರ್. ನಿಮಗೆ ಗೊತ್ತಿಲ್ಲದೆಯೇ ಒಂದು ಪ್ರಸಿದ್ಧ ಮೊಕದ್ದಮೆಯ ವಾದವನ್ನು ನೀವು ಮರುಕಳಿಸಿದ್ದೀರಿ. ಅಮೆರಿಕದ ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಕಂಪನಿ ಒಂದು ವಿದ್ಯುತ್ ಸ್ಥಾವರದಲ್ಲಿ ಕಪ್ಪು ಜನರನ್ನು ಕೂಲಿ ವಿಭಾಗದಲ್ಲಿ ಮಾತ್ರ ಇಟ್ಟಿತ್ತು. ಉದ್ಯೋಗದಲ್ಲಿ ಭೇದಭಾವವನ್ನು ನಿಷೇಧಿಸುವ ಕಾನೂನು 1965ರ ಜುಲೈ 2ರಂದು ಜಾರಿಗೆ ಬಂತು; ಅದೇ ದಿನ ಕಂಪನಿ ಹೊಸದಾಗಿ ಸೇರುವವರಿಗೆ ಎರಡು ಪರೀಕ್ಷೆಗಳನ್ನು ತಂದಿತು. ಅವುಗಳಲ್ಲೊಂದು ವಂಡರ್ಲಿಕ್: 12 ನಿಮಿಷ, 50 ಪ್ರಶ್ನೆ. ಆದರೆ ಪರೀಕ್ಷೆಯನ್ನೇ ಬರೆಯದ, ಹೈಸ್ಕೂಲನ್ನೂ ಮುಗಿಸದ ಹಳೆಯ ನೌಕರರು ಅದೇ ಹುದ್ದೆಗಳಲ್ಲಿ ಚೆನ್ನಾಗಿಯೇ ದುಡಿಯುತ್ತಿದ್ದರು. ಹಾಗಾದರೆ ಪರೀಕ್ಷೆ ಅಳೆಯುತ್ತಿದ್ದದ್ದು ಏನನ್ನು? 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟೇ: ಆ ಕೆಲಸಕ್ಕೂ ಪರೀಕ್ಷೆಗೂ ಸಂಬಂಧ ತೋರಿಸಿ, ಇಲ್ಲವೇ ಕೈಬಿಡಿ.

ನಿಮಗೆ ಪರೀಕ್ಷೆ ಮಾರಲು ಬಂದವರನ್ನು ಇದನ್ನೇ ಕೇಳಿ. ಯಾವ ಕಾರ್ಖಾನೆಯ ಯಾವ ಆಪರೇಟರ್‌ಗಳ ಮೇಲೆ ಇದನ್ನು ತಾಳೆ ನೋಡಿದ್ದೀರಿ? "ಎಲ್ಲ ಕೆಲಸಕ್ಕೂ ಆಗುತ್ತದೆ" ಎಂದರೆ ಚಹಾ ಕೊಟ್ಟು ಕಳುಹಿಸಿ.

ನಿಮಗೆ ಬೇಕಾದ ಪರೀಕ್ಷೆ ನಿಮ್ಮ ಶಾಪಿನಲ್ಲೇ ಇದೆ. ಒಂದು ಡ್ರಾಯಿಂಗ್, ಒಂದು ಉಕ್ಕಿನ ತುಂಡು, ಒಂದು ಮೈಕ್ರೋಮೀಟರ್ ಕೊಡಿ. ಡ್ರಾಯಿಂಗ್ ಓದಲು ಬರುತ್ತದೆಯೇ, ಅಳತೆ ತಪ್ಪಿದಾಗ ಯಂತ್ರಕ್ಕೆ ಕೊಡುವ ಹೊಂದಾಣಿಕೆ ಅಳತೆಯಾದ ಆಫ್‌ಸೆಟ್ ತಿದ್ದುತ್ತಾರೆಯೇ, ಇಲ್ಲ ಕಣ್ಣುಮುಚ್ಚಿ ಸ್ಟಾರ್ಟ್ ಒತ್ತುತ್ತಾರೆಯೇ, ನೋಡಿ. ಇಬ್ಬರು ಬೇರೆಬೇರೆಯಾಗಿ ಅಂಕ ಹಾಕಲಿ. ಐಟಿಐ ಮುಗಿಸಿ ನೇರ ಬಂದ ಹುಡುಗರಿಗೆ ಇದು ಅನ್ಯಾಯವಾದೀತು; ಅವರಿಗೆ ಒಂದು ಗಂಟೆ ಹೊಸದೇನನ್ನಾದರೂ ಹೇಳಿಕೊಟ್ಟು, ಎಷ್ಟು ಬೇಗ ಹಿಡಿಯುತ್ತಾರೆ ಎಂಬುದನ್ನು ಗಮನಿಸಿ.

ಪ್ರಶ್ನೆ (ಬೆಂಗಳೂರಿನ ಮಾನವ ಸಂಪನ್ಮೂಲ ಉದ್ಯೋಗಿಯೊಬ್ಬರು): ನಮ್ಮಲ್ಲಿ ಆಯ್ಕೆಯಾದವರ ಅಂಕಗಳನ್ನೂ ಎರಡು ವರ್ಷದ ಕೆಲಸವನ್ನೂ ಹೋಲಿಸಿದೆವು. ಸಂಬಂಧವೇ ಕಾಣಲಿಲ್ಲ. ಪರೀಕ್ಷೆಯನ್ನು ನಿಲ್ಲಿಸಿಬಿಡಬಹುದೇ?

ಉತ್ತರ: ಅವಸರ ಬೇಡ. ಕಡಿಮೆ ಅಂಕ ಬಂದವರನ್ನು ನೀವು ಸೇರಿಸಿಕೊಳ್ಳಲೇ ಇಲ್ಲವಲ್ಲ! ಜರಡಿ ಹಿಡಿದ ರಾಗಿಯಲ್ಲಿ ಕಲ್ಲು ಸಿಗಲಿಲ್ಲ ಎಂದು ಜರಡಿ ದಂಡ ಎನ್ನಲಾದೀತೇ? ಈ ಕೊರತೆಯನ್ನು ಲೆಕ್ಕದಲ್ಲಿ ಎಷ್ಟು ತುಂಬಿಕೊಡಬೇಕು ಎಂಬುದೇ ಆಯ್ಕೆ ಪರೀಕ್ಷೆಗಳನ್ನು ಅಧ್ಯಯನ ಮಾಡುವ ನಮ್ಮ ಕ್ಷೇತ್ರದ ದೊಡ್ಡ ಜಗಳ. 1998ರಲ್ಲಿ ಮನೋವಿಜ್ಞಾನಿಗಳಾದ ಶ್ಮಿಟ್ ಮತ್ತು ಹಂಟರ್ ಸಾಮಾನ್ಯ ಬುದ್ಧಿಸಾಮರ್ಥ್ಯಕ್ಕೂ ಕೆಲಸಕ್ಕೂ ಇರುವ ಸಹಸಂಬಂಧ (0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ತಿ ಹೊಂದಾಣಿಕೆ) 0.51 ಎಂದರು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು, ನೀವು ಬೇಕಾದ್ದಕ್ಕಿಂತ ಹೆಚ್ಚು ತುಂಬಿದ್ದೀರಿ ಎಂದು ಅದನ್ನು 0.31ಕ್ಕೆ ಇಳಿಸಿದರು. ಅವರ ಪಟ್ಟಿಯಲ್ಲಿ ಎಲ್ಲರಿಗೂ ಅದೇ ಪ್ರಶ್ನೆ ಕೇಳಿ ಅಂಕ ಹಾಕುವ ವ್ಯವಸ್ಥಿತ ಸಂದರ್ಶನ 0.42ರೊಂದಿಗೆ ಮೇಲೆ ನಿಂತಿತು. ಚರ್ಚೆ ಇನ್ನೂ ಮುಗಿದಿಲ್ಲ. ನನಗೆ ಎರಡನೆಯವರ ಲೆಕ್ಕವೇ ಸರಿ ಎನಿಸುತ್ತದೆ.

0.31 ಎಂದರೆ ಎಷ್ಟು? ಕಣ್ಣುಮುಚ್ಚಿ ಇಬ್ಬರನ್ನು ಆರಿಸಿ, ಹೆಚ್ಚು ಅಂಕದವರೇ ಕೆಲಸದಲ್ಲೂ ಮುಂದಿರುತ್ತಾರೆ ಎಂದು ಪಣ ಕಟ್ಟಿದರೆ 100ರಲ್ಲಿ ಸುಮಾರು 60 ಸಲ ಗೆಲ್ಲುತ್ತೀರಿ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಸಾವಿರಾರು ಜನರನ್ನು ಸೇರಿಸಿಕೊಳ್ಳುವ ಕಂಪನಿಗೆ ಆ ಹತ್ತು ದೊಡ್ಡ ಲಾಭ. ಆದರೆ 59 ಅಂಕ ಬಂದವರನ್ನು ಹೊರಗಿಟ್ಟು 60 ಬಂದವರನ್ನು ಒಳಗೆ ಕರೆಯಲು ಇದು ಆಧಾರವೇ ಅಲ್ಲ.

ಪ್ರಶ್ನೆ: ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ಎಂಜಿನಿಯರಿಂಗ್ ಕೊನೆಯ ವರ್ಷ. ಲೆಕ್ಕ ಬರುತ್ತದೆ, ಆದರೆ ಇಂಗ್ಲಿಷ್ ಪ್ರಶ್ನೆಯನ್ನು ಎರಡು ಸಲ ಓದುವಷ್ಟರಲ್ಲಿ ಸಮಯ ಮುಗಿಯುತ್ತದೆ. ನಾನು ದಡ್ಡಿಯೇ ಮೇಡಂ?

ಉತ್ತರ: ಅಲ್ಲಮ್ಮ. ಅಂಥ ಕಡೆ ಅಳತೆಗೆ ಸಿಕ್ಕುವುದು ನಿನ್ನ ತರ್ಕವಲ್ಲ, ಇಂಗ್ಲಿಷ್ ಓದಿನ ವೇಗ. ಕೆಲಸಕ್ಕೆ ಆ ವೇಗ ನಿಜಕ್ಕೂ ಬೇಕಿದ್ದರೆ ಸರಿ. ಬೇಡವಾಗಿದ್ದರೆ ಅದು ಪರೀಕ್ಷೆಯ ದೋಷ. ಕೇಂದ್ರ ಲೋಕಸೇವಾ ಆಯೋಗ 2011ರಲ್ಲಿ ನಾಗರಿಕ ಸೇವೆಗಳ ಪರೀಕ್ಷೆಗೆ ಸಿಸ್ಯಾಟ್ ಎಂಬ ಆಪ್ಟಿಟ್ಯೂಡ್ ಪತ್ರಿಕೆ ತಂದಾಗ ಇದೇ ದೂರು ಎದ್ದಿತು. 2014ರಲ್ಲಿ ಅಭ್ಯರ್ಥಿಗಳು ಬೀದಿಗಿಳಿದರು, ಮರುವರ್ಷದಿಂದ ಆ ಪತ್ರಿಕೆಯಲ್ಲಿ ಶೇ 33 ಪಡೆದರೆ ಸಾಕು ಎಂದಾಯಿತು. ಆದರೂ ಪ್ರಶ್ನೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ; ಕನ್ನಡದವರ ಪಾಲಿಗೆ ಎರಡೂ ಪರರ ಮನೆ. ಮೇಲೆ ಹೇಳಿದ 1971ರ ತೀರ್ಪಿನಲ್ಲಿ ನರಿ ಮತ್ತು ಕೊಕ್ಕರೆಯ ಪ್ರಸ್ತಾಪವಿದೆ. ಹಾಲು ಇಟ್ಟರೆ ಸಾಲದು, ಪಾತ್ರೆ ಇಬ್ಬರ ಬಾಯಿಗೂ ಎಟುಕಬೇಕು ಎಂಬ ಅರ್ಥದಲ್ಲಿ.

ಸದ್ಯಕ್ಕೆ ನೀನು ಸಮಯ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸು. ಅಭ್ಯಾಸದಿಂದ ಅಂಕ ಏರುತ್ತದೆ. ಹುಟ್ಟಾ ಸಾಮರ್ಥ್ಯ ಅಳೆಯುತ್ತೇವೆ ಎನ್ನುವವರಿಗೆ ಇದು ಮುಜುಗರದ ಸಂಗತಿ, ನಿನಗೆ ಅನುಕೂಲ.

ಮೊದಲು ಕೇಳಿದವರು: ಮೇಡಂ, ಉಕ್ಕಿನ ತುಂಡಿನ ಪರೀಕ್ಷೆಯನ್ನೇ ಮಾಡುತ್ತೇನೆ. ಅಂಕ ಹಾಕಲು ನಮ್ಮ ಹಿರಿಯರನ್ನೇ ಕೂರಿಸಲೇ? ಅವರ ಅಕ್ಕನ ಮಗನೂ ಅರ್ಜಿ ಹಾಕಿದ್ದಾನೆ ಎಂಬುದೊಂದು ತೊಡಕು.

ಉತ್ತರ: ಮುಗಿದ ತುಂಡುಗಳ ಮೇಲೆ ಹೆಸರು ಬೇಡ, ಸಂಖ್ಯೆ ಕೊರೆದು ಅವರ ಮೇಜಿಗೆ ಕಳುಹಿಸಿ. ಯಾರದು ಯಾವುದೆಂಬುದು ಅಂಕ ಬರೆದುಕೊಟ್ಟ ಮೇಲೆ ಅವರಿಗೆ ತಿಳಿಯಲಿ. ಯಂತ್ರದ ಬಳಿ ನಿಂತು ನೋಡುವ ಕೆಲಸ ಮಾತ್ರ ಬೇರೆ ಇಬ್ಬರಿಗಿರಲಿ.